ನಾಲ್ಕನೆಯ ಮಾಯಾ ಮಶಿನ್

“ಅದನ್ನ ಮಡಚಿ ಒಳಗ ಇಡ್ರಿ ಸಾಹೇಬ್ರ. ನನಗ ನೋಡಾಕ ಆಗವೊಲ್ದು.”

ದ್ರೌಪದಿ ಗೋಡೆಯ ಕಡೆ ಮುಖ ತಿರುಗಿಸಿದಳು. ಸೈದಪ್ಪ ಮಡಚಲಿಲ್ಲ. ಪತ್ತೇದಾರನಾದವನು ದಾಕ್ಷಿಣ್ಯ ಇಟ್ಟುಕೊಂಡರೆ ಹೊಟ್ಟೆಗೆ ಹಿಟ್ಟು ಹುಟ್ಟುವುದಿಲ್ಲ. ಎದುರಿನವರು ನೋಡಲಾರೆ ಅಂದದ್ದನ್ನೇ ಬಿಡಿಸಿ ಹಾಸಬೇಕಾಗುತ್ತದೆ. ಅವನು ಚಾದರವನ್ನು ನೆಲದ ತುಂಬ ಹಾಸಿದ.

ನೆಲ ತುಂಬಲು ಹೆಚ್ಚಿನ ಬಟ್ಟೆ ಬೇಕಿರಲಿಲ್ಲ. ಅಕ್ಕಲಕೋಟದ ಎಸ್‌ಟಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳದು ಒಂದೇ ಖೋಲಿಯ ಬಾಡಿಗೆ ಮನೆ. ಒಂದು ಸ್ಟವ್, ಒಂದು ಟ್ರಂಕು, ತೊಳೆದು ಬೋರಲು ಹಾಕಿದ ಒಂದೇ ಒಂದು ತಾಟು. ಆ ತಾಟನ್ನು ನೋಡಿ ಸೈದಪ್ಪನಿಗೆ ಸೊಲ್ಲಾಪುರದ ತನ್ನ ಖೋಲಿ ನೆನಪಾಯಿತು. ಅಲ್ಲಿ ತಾಟೂ ಇರಲಿಲ್ಲ. ಅವನು ಖಾನಾವಳಿಯಲ್ಲಿ ಉಣ್ಣುತ್ತಿದ್ದ.

ಚಾದರದ ಮೇಲಿನ ಅರ್ಧದಲ್ಲಿ ನವಿಲು ಇತ್ತು. ಕೊಕ್ಕು, ತುರಾಯಿ, ಕತ್ತಿನ ಬಾಗು ಎಲ್ಲ ಚೆಂದ. ಎದೆ ಮುಗಿದಲ್ಲಿ ನವಿಲೂ ಮುಗಿದಿತ್ತು. ಅಲ್ಲಿಂದ ಕೆಳಗೆ ಬೇರೆಯದೇ ಒಂದು ಬಳ್ಳಿ, ಅದಕ್ಕೆ ಜೋತುಬಿದ್ದ ಮಾವಿನಕಾಯಿಗಳು, ನಡುನಡುವೆ ದಪ್ಪ ಗೆರೆ.

ಹೋದ ವಾರ ಓದದವರಿಗೆ ಒಂದು ಮಾತು: ಸೊಲ್ಲಾಪುರದ ಅಕ್ಕಲಕೋಟ ರಸ್ತೆ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿರುವ ಶಾಂತಲಿಂಗಪ್ಪನವರ ಚಾದರ ಕಾರಖಾನೆಯಲ್ಲಿ, ಕಂಪ್ಯೂಟರಿನ ಡಿಸ್ಕಿನೊಳಗಿಟ್ಟ ಹೊಸ ನಕ್ಷೆಗಳು ಮೇಲಿಂದ ಮೇಲೆ ಮಾಯವಾಗುತ್ತಿದ್ದವು, ನಕ್ಷೆ ಬರೆಯುವ ದ್ರೌಪದಿಯೇ ಎದುರಾಳಿಗಳ ಮಾತು ಕೇಳಿ ಅಳಿಸುತ್ತಾಳೆಂದು ಮಾಲಕರು ಅವಳನ್ನು ಮನೆಗೆ ಕಳಿಸಿ, ಪುರಾವೆ ಹುಡುಕಲು ಸೈದಪ್ಪನನ್ನು ಗೊತ್ತುಮಾಡಿದ್ದರು, ಇವತ್ತು ಸಂಜೆ ಪೋಲೀಸ್ ಚೌಕಿಗೆ ತಕರಾರು ಕೊಡುವವರಿದ್ದರು.

“ಈ ಬಳ್ಳಿ ನೀ ಬರದದ್ದೇನು ತಂಗಿ?”

“ಇಲ್ರಿ. ಇಂಥಾ ಬಳ್ಳಿ ನನ್ನ ಕೈಲೆ ಬರಂಗೇ ಇಲ್ಲ. ನಾ ನವಿಲ ಪೂರಾ ಬರದು ಡಿಸ್ಕಿನಾಗ ಇಟ್ಟು ಬಂದಿದ್ದೆ. ಸಂಜೀಕ ಅದನ್ನ ನೋಡಿ ರಟ್ಟಿಗೆ ತೂತ ಹೊಡದಾರ. ಮರದಿನ ಮಗ್ಗದ ಮ್ಯಾಲ ಇದು ಬಂದೈತಿ.”

“ಮತ್ತ ನವಿಲು?”

“ಮುಂಜಾನೆ ಹೋಗಿ ಮಶಿನ್ ತೆರದ್ರ ನವಿಲೇ ಇಲ್ರಿ. ಹೆಸರ ಸುದ್ದಾ ಇಲ್ಲ.”

“ಅವತ್ತ ಯಾವ ವಾರ?”

“ಗುರುವಾರ್ರಿ.” ಪ್ರತಿ ಸಲವೂ ನಕ್ಷೆ ಹೋದದ್ದು ಗುರುವಾರ. ಗುರುವಾರವೆಂದರೆ ಅಕ್ಕಲಕೋಟದ ಗಾಡಿಗೆ ಯಾತ್ರಿಕರ ಗರ್ದಿ. ಸಂಜೆಯ ಗಾಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅದಕ್ಕೆ ಅವಳು ಆ ಒಂದು ದಿನ ಮಧ್ಯಾಹ್ನವೇ ಹೊರಡುತ್ತಿದ್ದಳು. ಅಳಿಸಿ ಓಡುತ್ತಾಳೆ ಅಂತ ಶಾಂತಲಿಂಗಪ್ಪನವರು ಲೆಕ್ಕ ಕೂಡಿಸಿದ್ದು ಇದರಿಂದಲೇ.

“ಇದೆಲ್ಲಾ ಯಾವಾಗಿಂದ ಸುರು ಆತು?”

“ದೀಪಾವಳಿ ಆದ ಮ್ಯಾಲ್ರಿ.”

“ನೀ ಕೆಲಸಕ್ಕ ಸೇರಿದ್ದು?”

“ದೀಪಾವಳಿಗೇ.” ಅವಳ ದನಿ ಸಣ್ಣಗಾಯಿತು. “ನಾ ಡ್ರಾಯಿಂಗ್ ಪರೀಕ್ಷಾ ಪಾಸಾಗಿ ಸಾಲಿ ಮಕ್ಕಳಿಗೆ ಕಲಸ್ತಿದ್ದೆ. ದೊಡ್ಡ ಮಾಲಕರು, ಇವರ ಅಣ್ಣ ನಾಗಣ್ಣನವರು, ತಾವಽ ಗಾಡಿ ತಗೊಂಡು ಈ ಓಣಿಗೆ ಬಂದು ಕರದ್ರು. ಮೊದಲ ನಮ್ಮವ್ವನ ಸುದ್ದಿ ಕೇಳಿದ್ರು, ಆಮ್ಯಾಲ ಕೆಲಸದ ಮಾತ ತಗದ್ರು. ಕೆಲಸಕ್ಕ ಹಚ್ಚಿ ಹದಿನೈದ ದಿನದಾಗ ಎದಿ ಹಿಡಕೊಂಡು ಹೋಗೇ ಬಿಟ್ರು. ಅವರ ಇದ್ದಿದ್ರ ಇವರ್‍ಯಾರೂ ನನಗ ಹಿಂಗ ಅಂತಿರಲಿಲ್ಲ.”

ಸೈದಪ್ಪ ಚಾದರ ಮಡಚಿದ. “ಏಳು ತಂಗಿ. ನನ್ನ ಕೂಡ ಸೊಲ್ಲಾಪುರಕ ಬಾ.”

“ಪೋಲೀಸ್ರ ಕೈಯಾಗ ಕೊಡಾಕೇನ್ರಿ?”

“ನಾಕ ಮಂದಿ ಮುಂದ ಕೈ ಕಟ್ಟಿ ಕುಂದ್ರಾಕ. ಇವತ್ತು ಗುರುವಾರ. ನಕ್ಷಿ ಹೋಗೋದಿದ್ರ ಇವತ್ತೂ ಹೋಗತೈತಿ. ಆಗ ನಿನ್ನ ಕೈ ಎಲ್ಲಿದ್ವು ಅಂತ ಎಲ್ಲಾರೂ ನೋಡ್ಲಿ.”

“ಜೋಡಿ ಕೆಲಸ ಮಾಡೋ ಹೆಣ್ಮಕ್ಕಳು ಗಾಡಿಯಾಗ ನನ್ನ ಮಗ್ಗಲಿಗೆ ಕುಂದ್ರೋದು ಬಿಟ್ಟಾರ್ರಿ. ಕಳ್ಳಿ ಅಂತ ಬಾಯಿ ಬಿಟ್ಟು ಅನ್ನಂಗಿಲ್ಲ, ಎದ್ದು ಬ್ಯಾರೆ ಸೀಟಿಗೆ ಹೋಗ್ತಾರ.” ಆಮೇಲೆ ಎದ್ದು ಚಪ್ಪಲಿ ಹುಡುಕಿದಳು.

*

ಗಾಡಿ ಅಕ್ಕಲಕೋಟ ಬಿಟ್ಟಿತು. ಶಿವರಾತ್ರಿ ಇನ್ನೂ ಬಂದಿರಲಿಲ್ಲ, ಬಿಸಿಲು ಮಾತ್ರ ಆಗಲೇ ಬಂದು ಠಿಕಾಣಿ ಹೂಡಿತ್ತು. ದ್ರೌಪದಿ ಹೆಂಗಸರ ಸೀಟಿನಲ್ಲಿ ಕಿಟಕಿಗೆ ಹಣೆ ಹಚ್ಚಿ ಕೂತಳು. ಸೈದಪ್ಪನಿಗೆ ಡ್ರೈವರನ ಹಿಂದಿನ ಸೀಟು ಸಿಕ್ಕಿತು.

ಮಾಡಬೇಕಾದ ಯೋಚನೆ ಬೇಕಾದಷ್ಟಿತ್ತು. ಮುಂಬಯಿಯ ಎಂಜಿನಿಯರುಗಳು ಆ ಹಳೆಯ ಕಂಪ್ಯೂಟರನ್ನು ತಂದು ಕೂಡಿಸಿದಾಗ ಒಂದು ಚಮತ್ಕಾರ ಮಾಡಿಟ್ಟು ಹೋಗಿದ್ದರು. ಯಂತ್ರ ಒಂದೇ. ಆದರೆ ಅದರ ಮುಂದೆ ಕೂತ ಪ್ರತಿಯೊಬ್ಬರಿಗೂ ಇಡೀ ಯಂತ್ರ ತಮ್ಮದೊಬ್ಬರದೇ ಎಂಬಂತೆ ಅದು ನಡೆದುಕೊಳ್ಳುತ್ತಿತ್ತು. ಎಂಜಿನಿಯರುಗಳು ವರ್ಚುವಲ್ ಮಶಿನ್ ಅಂದರು. ಕಾರಖಾನೆಯವರ ಬಾಯಿಗೆ ಬರುವ ಹೊತ್ತಿಗೆ ಅದು ಮಾಯಾ ಮಶಿನ್ ಆಯಿತು.

ದ್ರೌಪದಿಗೊಂದು ಮಾಯಾ ಮಶಿನ್. ಕಂಪ್ಯೂಟರ್ ಕೋಣೆಯ ಮೇಲ್ವಿಚಾರಕ ಚನ್ನವೀರಪ್ಪನಿಗೊಂದು. ಮಗ್ಗಕ್ಕೆ ನಕ್ಷೆ ಹೇಳಿಕೊಡುವ ರಟ್ಟುಗಳಿಗೆ ತೂತು ಹೊಡೆಯುವ ಕೆಲಸಕ್ಕೊಂದು. ಒಂದಕ್ಕೆ ಇನ್ನೊಂದು ಇದೆ ಎಂಬುದೇ ಗೊತ್ತಿಲ್ಲ. ಪ್ರತಿಯೊಂದೂ ಈ ಜಗತ್ತಿನಲ್ಲಿ ತಾನೊಬ್ಬನೇ ಎಂದುಕೊಂಡು ದುಡಿಯುತ್ತದೆ. ಅವು ಕೂಡುವ ಜಾಗ ಒಂದೇ, ನಕ್ಷೆಗಳನ್ನಿಟ್ಟ ಡಿಸ್ಕಿನ ಹಂಚಿಕೆಯ ಭಾಗ.

ಈ ಏರ್ಪಾಟನ್ನು ಮುಂಬಯಿಯಲ್ಲಿ ಕಲಿಯುವಾಗ ಸೈದಪ್ಪನಿಗೆ ನಗು ಬಂದಿತ್ತು. ಈಗೀಗ ನಗು ಬರುತ್ತಿರಲಿಲ್ಲ. ತನ್ನೂರಾದ ತಡವಳದ ಸಾಲಿಯಲ್ಲಿ ಕಲಿತು, ಮುಂಬಯಿಯಲ್ಲಿ ಯಂತ್ರ ರಿಪೇರಿ ಮಾಡಿ, ಆಮೇಲೆ ಯಂತ್ರಗಳ ಸುತ್ತ ನಡೆಯುವ ಮೋಸ ಹುಡುಕುವ ಕಸುಬು ಹಿಡಿದು ಊರೂರು ತಿರುಗುವ ಮನುಷ್ಯ. ಅವನ ಕೆಲಸದ ಮಾತು ತಡವಳದಲ್ಲಿ ತಂಗಿಗೆ ತಿಳಿಯದು, ಖಾನಾವಳಿಯಲ್ಲಿ ಯಾರೂ ಕೇಳರು. ಒಂದು ಗೋಜಲು ಬಿಡಿಸಿದ ದಿನ, ನೋಡು ಹೀಗಾಯಿತು ಅಂತ ಹೇಳಿಕೊಳ್ಳಲು ಒಂದು ಜೀವ ಇಲ್ಲವಲ್ಲ ಎಂದು ಅವನಿಗೆ ದುಃಖವಾಗುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಗಾಡಿ ಗುಂಡಿಗೆ ಬಿದ್ದು ಎದ್ದಿತು. ಡ್ರೈವರನ ಬೆನ್ನ ಹಿಂದೆ, ಸೀಟಿಗೆ ಹೊದಿಸಿದ ಚಾದರ ಸರಿದು ಅಂಚು ಸೈದಪ್ಪನ ಮೂಗಿನ ಹತ್ತಿರ ಬಂತು. ಬಣ್ಣ ಹೋಗಿ ಎಳೆ ಎದ್ದ ಹಳೆ ಚಾದರ. ಅಂಚಿನ ತುಂಬ ಬಳ್ಳಿ. ಬಳ್ಳಿಗೆ ಜೋತುಬಿದ್ದ ಮಾವಿನಕಾಯಿ. ನಡುನಡುವೆ ದಪ್ಪ ಗೆರೆ.

ಸೈದಪ್ಪ ಚೀಲದಿಂದ ಚಾದರ ತೆಗೆದು ಪಕ್ಕಕ್ಕೆ ಹಿಡಿದ. ಎರಡೂ ಒಂದೇ. ಹೆಚ್ಚು ಕಡಿಮೆಯಿಲ್ಲ.

“ಮಾಮಾ, ಈ ಚಾದರ ಎಲ್ಲಿಂದ ತಂದ್ರಿ?”

ಡ್ರೈವರ್ ಖಂಡಪ್ಪ ರಸ್ತೆಯಿಂದ ಕಣ್ಣು ಕೀಳಲಿಲ್ಲ. “ತಂದಿಲ್ರೀ, ಕೊಟ್ಟದ್ದು. ನಾಗಣ್ಣ ಮಾಲಕರ ಕಾರಖಾನಿ ತೆರದಾಗ ಮೊದಲನೇ ಮಾಲ ಮಾರಲಿಲ್ಲ. ಈ ರಸ್ತಾದ ಮ್ಯಾಲ ಹಾಯೋ ಎಲ್ಲಾ ಡ್ರೈವರ್‍ಗೆ ಹಂಚಿದ್ರು. ಮೊದಲ ನಕ್ಷಿ ದಾರಿಯಾಗ ತಿರಗಾಡ್ಲಿ ಅಂದ್ರು. ದೊಡ್ಡ ಮನಷ್ಯಾ. ಈಗ ಈ ನಕ್ಷಿ ಎಲ್ಲೂ ಸಿಗಂಗಿಲ್ಲ, ನೇಯೋದೂ ಬಿಟ್ಟಾರ.”

ನೇಯುವುದು ಬಿಟ್ಟ ನಕ್ಷೆ. ಹೋದ ಗುರುವಾರ ಅದೇ ನವಿಲಿನ ಹೊಟ್ಟೆಯೊಳಗೆ ಬಂದು ಕೂತಿತ್ತು. ಅಳಿಸುವ ಕೈಗೆ ಅಳಿಸಿದರೆ ಸಾಕು. ಈ ಕೈ ಮಾತ್ರ ಅಳಿಸಿದ ಜಾಗದಲ್ಲಿ ಕಾರಖಾನೆಯ ಮೊದಲ ನಕ್ಷೆಯನ್ನು ಬರೆಯುತ್ತಿತ್ತು. ಅಷ್ಟು ಪ್ರೀತಿಯಿಂದ ಯಾರು ಬರೆಯುತ್ತಾರೆ? ಎಂಐಡಿಸಿಯ ಸ್ಟಾಪ್ ಬರುವವರೆಗೂ ಸೈದಪ್ಪ ಆ ಎರಡು ಬಳ್ಳಿಗಳನ್ನು ಪಕ್ಕಪಕ್ಕ ಹಿಡಿದು ನೋಡುತ್ತ ಕೂತಿದ್ದ.

*

ಕಂಪ್ಯೂಟರ್ ಕೋಣೆಯಲ್ಲಿ ಎಸಿ ಹಾಕಿ ಥಂಡಿ ಮಾಡಿದ್ದರು. ಹೊರಗೆ ಮಗ್ಗಗಳ ಗದ್ದಲ, ಅದರ ಹಿಂದೆ ದೀಪಾವಳಿಗೆ ತಂದ ಜನರೇಟರಿನ ಗುಡುಗು. ಒಳಗೆ ಟೈಪರೈಟರಿನಂಥ ನಾಲ್ಕು ಟರ್ಮಿನಲ್ಲುಗಳು. ಒತ್ತಿದ್ದನ್ನೂ ಯಂತ್ರ ಕೊಟ್ಟ ಉತ್ತರವನ್ನೂ ಕಾಗದದ ಮೇಲೆ ಬಡಿಯುವಂಥವು. ಎರಡು ಬೆಳಗಿನಿಂದ ದುಡಿದು ಬಿಸಿಯಾಗಿದ್ದವು, ದ್ರೌಪದಿಯದು ತಣ್ಣಗಿತ್ತು. ನಾಲ್ಕನೆಯದಕ್ಕೆ ಬಿಳಿ ಬಟ್ಟೆ ಹೊದಿಸಿ, ಮೇಲೆ ಒಂದು ಶೇವಂತಿಗೆ ಹೂವಿಟ್ಟಿತ್ತು. ಅದರ ಪಕ್ಕದ ಕುರ್ಚಿಯಲ್ಲಿ ನಾಗಣ್ಣನವರ ಹೆಂಡತಿ ಗಿರಿಜಾಬಾಯಿ ಕೂತಿದ್ದರು. ಗಂಡ ತೀರಿಕೊಂಡಂದಿನಿಂದ ದಿನಾ ಮಧ್ಯಾಹ್ನ ಬಂದು ಹೀಗೆ ಕೂತುಕೊಳ್ಳುವುದು ಅವರ ರೂಢಿ. ಯಾರೊಡನೆಯೂ ಮಾತಿಲ್ಲ.

ದ್ರೌಪದಿಯನ್ನು ಕಂಡ ಕೂಡಲೇ ಶಾಂತಲಿಂಗಪ್ಪನವರ ಮುಖ ಕೆಂಪಾಯಿತು.

“ಈಕಿನ್ನ ಒಳಗ ಯಾಕ ತಂದ್ರಿ? ಹೊಳ್ಳಿ ಏನರೆ ಅಳಿಸಿದ್ರ ಜವಾಬ್ದಾರಿ ಯಾರ್‍ದು?”

“ನಂದ್ರಿ ಮಾಲಕರ. ಆಕಿ ಇಲ್ಲಿ ನಡುವ ಸ್ಟೂಲಿನ ಮ್ಯಾಲ ಕುಂದರ್ತಾಳ. ಆಕಿ ಟರ್ಮಿನಲ್ ವಾಯರ್ ಕಿತ್ತ ಹಾಕ್ರಿ. ಆಕಿ ಕೈ ಉಡಿಯಾಗ ಇರ್ತಾವ. ನೀವು ಆಕಿ ಕೈ ಬಿಟ್ಟು ಬ್ಯಾರೆ ಏನೂ ನೋಡಬ್ಯಾಡ್ರಿ.”

ದ್ರೌಪದಿ ಕೂತಳು. ಕೈ ಉಡಿಯಲ್ಲಿಟ್ಟುಕೊಂಡಳು.

ಸೈದಪ್ಪ ಚನ್ನವೀರಪ್ಪನ ಪಕ್ಕ ನಿಂತ. “ಚನ್ನವೀರಪ್ಪನವರ, ಈ ಹೊತ್ತಿನಾಗ ಎಷ್ಟ ಮಾಯಾ ಮಶಿನ್ ಜೀವಂತ ಅದಾವ, ಕೇಳ್ರಿ ಅದಕ್ಕ.”

ಚನ್ನವೀರಪ್ಪ ಕೀಲಿಗಳನ್ನು ಒತ್ತಿದ. ಟರ್ಮಿನಲ್ಲು ಕಾಗದದ ಮೇಲೆ ಹೆಸರುಗಳನ್ನು ಬಡಿಯಿತು. ಅವನದು. ತೂತು ಹೊಡೆಯುವುದು. ದ್ರೌಪದಿಯದು, ಅವಳನ್ನು ಕಳಿಸಿದಾಗಿನಿಂದ ತೆರೆದೇ ಉಳಿದದ್ದು, ಅದನ್ನು ಅವನು ಅಲ್ಲೇ ಮುಚ್ಚಿದ. ಆಮೇಲೆ ಇನ್ನೊಂದು ಹೆಸರು. ಟರ್ಮಿನಲ್ಲಿನಿಂದ ಬೇರ್ಪಟ್ಟಿದೆ, ಒಳಗೆ ನಡೆದಿದೆ ಎಂಬ ಗುರುತು ಅದರ ಮುಂದೆ.

“ಇದ್ಯಾರ್‍ದು?” ಶಾಂತಲಿಂಗಪ್ಪನವರು ಬಗ್ಗಿ ನೋಡಿದರು.

ಉತ್ತರ ಕುರ್ಚಿಯಿಂದ ಬಂತು.

“ನಮ್ಮವರದು,” ಅಂದರು ಗಿರಿಜಾಬಾಯಿ.

ಚನ್ನವೀರಪ್ಪ ಮೆಲ್ಲನೆ ಹೇಳಿದ: “ದೀಪಾವಳಿ ಪೂಜಾದ ದಿನ ದೊಡ್ಡ ಮಾಲಕರು ಮುಹೂರ್ತ ನೋಡಿ ತಾವಽ ತೆರದದ್ದು. ಜನರೇಟರ್ ಬಂತು, ಇನ್ನ ಕರೆಂಟ್ ಹೋಗಂಗಿಲ್ಲ, ಈ ಮಶಿನ್ ನಂದಾದೀಪ ಇದ್ದಂಗ, ಯಾರೂ ಆರಸಬ್ಯಾಡ್ರಿ ಅಂದಿದ್ರು. ಅವರ ಹೋದ ಮ್ಯಾಲ ನಾನೂ ಬಟ್ಟಿ ಮುಚ್ಚಿ ಸುಮ್ಮನಾದೆ. ಅದು ಒಳಗ ಸುಮ್ಮ ಕುಂತೈತಿ ಅನ್ಕೊಂಡಿದ್ದೆ.”

“ಅದಕ್ಕ ಡಿಸ್ಕಿನ ಮ್ಯಾಲ ಬರಿಯಾಕ ಪರವಾನಗಿ ಐತೇನು?” ಸೈದಪ್ಪ ಕೇಳಿದ.

“ಮುಂಬಯಿಯವರ ಬ್ಯಾಡ ಅಂದ್ರು. ಹಂಚಿಕಿ ಡಿಸ್ಕಿನ ಮ್ಯಾಲ ಒಮ್ಮಿಗೆ ಒಬ್ಬರಽ ಬರೀಬೇಕು ಅಂದ್ರು. ಮಾಲಕರಿಗೆ ಸಿಟ್ಟ ಬಂತು. ನನ್ನ ಕಾರಖಾನಿಯಾಗ ನನಗ ಮುಚ್ಚಿದ ಬಾಗಿಲ ಯಾವುದು ಅಂತ ಕೇಳಿದ್ರು. ಮುಂಬಯಿಯವರ ಪರವಾನಗಿ ಕೊಟ್ಟು ಹೋದ್ರು.”

“ಗುರುವಾರ ಅದು ಏನರೆ ಕೆಲಸ ಮಾಡತೈತೇನು?”

ಈ ಸಲವೂ ಗಿರಿಜಾಬಾಯಿಯೇ ಹೇಳಿದರು. “ಮೊದಲ ನಕ್ಷಿದ ಒಂದ ಪ್ರತಿ ಇಡತೈತಿ. ಪೂಜಾ ಆದದ್ದು ಗುರುವಾರ. ವಾರಕ್ಕೊಮ್ಮೆ ನಾಕರ ಹೊತ್ತಿಗೆ ತಾನಽ ಬರೀಲಿ, ಮೊದಲ ನಕ್ಷಿ ಎಂದೂ ಹೋಗಬಾರ್‍ದು ಅಂತ ಅವರ ಹೇಳಿಟ್ಟಿದ್ರು.”

ಸೈದಪ್ಪ ಗೋಡೆಯ ಗಡಿಯಾರ ನೋಡಿದ. ನಾಲ್ಕಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಚನ್ನವೀರಪ್ಪನಿಂದ ಹಂಚಿಕೆಯ ಡಿಸ್ಕಿನಲ್ಲಿ ಒಂದು ಸಣ್ಣ ಹೂವಿನ ನಕ್ಷೆ ಇಡಿಸಿದ. ಪಟ್ಟಿ ತೆಗೆಸಿದ. ಹೂವು ಪಟ್ಟಿಯಲ್ಲಿತ್ತು. ಶಾಂತಲಿಂಗಪ್ಪನವರ ಕಣ್ಣಿಗೂ ಹಿಡಿದು ತೋರಿಸಿದ.

ಆಮೇಲೆ ಎಲ್ಲರೂ ಕಾದರು. ಚನ್ನವೀರಪ್ಪ ಕೈ ಹಿಂದೆ ಕಟ್ಟಿಕೊಂಡ. ದ್ರೌಪದಿಯ ಬೆರಳುಗಳು ಉಡಿಯಲ್ಲಿ ಒಂದಕ್ಕೊಂದು ಸಿಕ್ಕಿಕೊಂಡಿದ್ದವು.

ಗಡಿಯಾರದ ಮುಳ್ಳು ನಾಲ್ಕಕ್ಕೆ ಬಂತು. ಮೂಲೆಯಲ್ಲಿದ್ದ ಡಿಸ್ಕಿನ ಪೆಟ್ಟಿಗೆ, ಎಮ್ಮೆ ಮೈ ಕೊಡವಿದ ಹಾಗೆ, ಒಮ್ಮೆಲೇ ಗುರುಗುಟ್ಟಿ ನಡುಗಿತು. ಯಾರೂ ಯಾವ ಕೀಲಿಯನ್ನೂ ಮುಟ್ಟಿರಲಿಲ್ಲ. ಪೆಟ್ಟಿಗೆ ಕೊಂಚ ಹೊತ್ತು ಒಳಗೊಳಗೇ ಓಡಾಡಿ ಸುಮ್ಮನಾಯಿತು.

“ಈಗ ಡಿಸ್ಕನ್ನ ಹೊಸದಾಗಿ ತೆರದು ಪಟ್ಟಿ ತಗೀರಿ.”

ಕಾಗದ ಬಂತು. ಹೂವು ಇರಲಿಲ್ಲ.

*

“ಇದು ಹ್ಯಾಂಗ?” ಶಾಂತಲಿಂಗಪ್ಪನವರ ದನಿ ಬದಲಾಗಿತ್ತು.

“ನಿಮ್ಮ ಗೋದಾಮ ಅನ್ಕೋರಿ,” ಅಂದ ಸೈದಪ್ಪ. “ಯಾವ ಮಾಲ ಎಲ್ಲೈತಿ ಅಂತ ಬಾಗಿಲಿಗೆ ಒಂದ ಪಟ್ಟಿ. ಒಳಗ ಬರೋ ಪ್ರತಿಯೊಬ್ಬ ಕಾರಕೂನ ಆ ಪಟ್ಟಿ ಬರಕೊಂಡ ತನ್ನ ಕಿಸೇದಾಗ ಇಟ್ಕೊಂತಾನ. ಹೊಸಾ ಮಾಲ ಇಟ್ಟಾಗ ತನ್ನ ಪಟ್ಟಿ ತಿದ್ದಿ, ಬಾಗಿಲಿನ ಪಟ್ಟಿ ಹರದ ಒಗದು, ತನ್ನದನ್ನ ತೂಗ ಹಾಕ್ತಾನ. ಒಬ್ಬನ ಇದ್ರ ಏನೂ ತೊಂದ್ರಿ ಇಲ್ಲ. ಇಬ್ಬರಿದ್ದು, ಒಬ್ಬನ ಕಿಸೇದಾಗ ದೀಪಾವಳಿ ಪಟ್ಟಿ ಇದ್ರ?”

ಚನ್ನವೀರಪ್ಪ ಹಣೆ ಬಡಿದುಕೊಂಡ. “ದೀಪಾವಳಿ ಆದ ಮ್ಯಾಲ ಇಟ್ಟದ್ದೆಲ್ಲಾ ಪಟ್ಟಿಯಾಗ ಇಲ್ಲ.”

“ಇಲ್ಲ. ಆ ಜಾಗಾ ಎಲ್ಲಾ ಖಾಲಿ ಅಂತ ತಿಳಕೊಂಡು ಅದು ಮೊದಲ ನಕ್ಷಿ ಅಲ್ಲೇ ಬರೀತೈತಿ. ತೂತ ಹೊಡಿಯೋ ಮಶಿನ್ ಕಿಸೇದಾಗ ಅವತ್ತ ನಾಕರ ಮೊದಲಿನ ಪಟ್ಟಿ ಇತ್ತು. ಆ ಪಟ್ಟಿ ಹಿಡದು ನವಿಲಿನ ಜಾಗಾಕ್ಕ ಹೋತು. ಅರ್ಧಾ ನವಿಲ, ಅರ್ಧಾ ನಿಮ್ಮ ಅಣ್ಣನವರ ಬಳ್ಳಿ ಸಿಕ್ತು. ಮೊದಲು ದಿನಾ ಕರೆಂಟ್ ಹೋಗತಿತ್ತು, ಎಲ್ಲಾ ಮುಚ್ಚಿ ಹೊಸದಾಗಿ ತೆರೀತಿದ್ರಿ, ಎಲ್ಲಾರ ಪಟ್ಟೀನೂ ಹೊಸದಾಗತಿತ್ತು. ಜನರೇಟರ್ ಬಂದು ಆ ಪುಣ್ಯಾನೂ ಹೋತು.”

ಶಾಂತಲಿಂಗಪ್ಪನವರು ದ್ರೌಪದಿಯ ಕಡೆ ನೋಡಲಿಲ್ಲ. ತಪ್ಪು ಒಪ್ಪಿಕೊಳ್ಳುವುದು ಆ ಮನೆಯವರಿಗೆ ರೂಢಿಯಿಲ್ಲದ ಕೆಲಸ. ಕಿಸೆಯಿಂದ ತಕರಾರಿನ ಕಾಗದ ತೆಗೆದು ನಾಲ್ಕು ಚೂರು ಮಾಡಿದರು.

“ನೀ ನಾಳಿಂದ ಕೆಲಸಕ್ಕ ಬಾರವ್ವಾ,” ಅಂದರು, ಗೋಡೆಗೆ ಹೇಳಿದ ಹಾಗೆ. “ಹಿಂದಿನದು ಮನಸಿನ್ಯಾಗ ಇಟ್ಕೋಬ್ಯಾಡ.”

ದ್ರೌಪದಿ ಸೆರಗು ಬಾಯಿಗೆ ಹಿಡಿದುಕೊಂಡು ಅತ್ತಳು. ಇಷ್ಟು ದಿನ ಅವಳು ಅತ್ತಿರಲಿಲ್ಲವೆಂದು ಸೈದಪ್ಪನಿಗೆ ಆಗ ಹೊಳೆಯಿತು.

“ಚನ್ನವೀರಪ್ಪ, ಆ ಮಶಿನ್ ಕೆಡವು,” ಶಾಂತಲಿಂಗಪ್ಪನವರು ಅಪ್ಪಣೆ ಮಾಡಿದರು. “ನಿನ್ನ ಟರ್ಮಿನಲ್ಲಿಂದ ಕೆಡವಾಕ ಬರತೈತಲ್ಲ?”

“ಬರತೈತ್ರಿ. ಒಂದ ಮಾತ ಹೊಡದ್ರ ಮುಗೀತು.”

ಕುರ್ಚಿ ಸದ್ದು ಮಾಡಿತು. ಗಿರಿಜಾಬಾಯಿ ಎದ್ದು ನಿಂತಿದ್ದರು.

“ಮುಟ್ಟಬ್ಯಾಡ.”

“ವೈನೀ, ಇದು ಮಶಿನ್ ರೀ. ಅಣ್ಣಾ ಅಲ್ಲ.”

“ನನಗೇನ ಬುದ್ಧಿ ಇಲ್ಲೇನು ಶಾಂತಲಿಂಗ? ಮಶಿನ್ ಅಂತ ಗೊತ್ತೈತಿ.” ದನಿ ಏರಲಿಲ್ಲ. “ಅವರ ಕೋಟ ಯಾರೋ ಒಯ್ದ್ರು. ಚಸ್ಮಾ ನೀ ಇಟ್ಕೊಂಡಿ. ಮನಿಯಾಗ ಅವರ ದನಿ ಇಲ್ಲ, ಕೆಮ್ಮಿಲ್ಲ. ಅವರ ಹೇಳಿದ ಕೆಲಸ ಇನ್ನೂ ಮಾಡಾಕತ್ತಿದ್ದು ಇದೊಂದಽ. ನಾಕಕ್ಕ ಆ ಪೆಟಿಗಿ ಗುರ್ ಅಂದಾಗ, ಅವರ ಬಂದ್ರು ಅನಸ್ತೈತಿ ನನಗ. ವಾರಕ್ಕೊಮ್ಮೆ. ಅಷ್ಟಽ.”

ಶಾಂತಲಿಂಗಪ್ಪನವರು ಸೈದಪ್ಪನ ಮುಖ ನೋಡಿದರು. ಚನ್ನವೀರಪ್ಪ ಕಾಗದ ನೋಡುತ್ತ ನಿಂತ. ತಿಳಿಹೇಳುವ ಕೆಲಸ ಸೈದಪ್ಪನ ಪಾಲಿಗೆ ಬಂತು. ಸಂಬಳ ತಗೊಂಡವನು ಅವನು.

“ಬಾ‍ಯಾರ,” ಅಂದ ಅವನು. “ಮಾಲಕರ ಹೋಗ್ಯಾರ ಅಂತ ಅದಕ್ಕ ಯಾರೂ ಹೇಳಿಲ್ರಿ. ದೀಪಾವಳಿ ದಿನದ ಪಟ್ಟಿ ಹಿಡಕೊಂಡು ಒಂದಽ ಕುಂತೈತಿ. ಹೊರಗ ಯಾರ್‍ಯಾರ ಏನೇನ ಬರದ್ರು, ಅದಕ್ಕ ಗೊತ್ತಿಲ್ಲ. ಅದರ ಮನಸ್ಸಿನ್ಯಾಗ ಕೆಟ್ಟದ್ದಿಲ್ಲ. ಆದ್ರ ಅದು ಕೈ ಎತ್ತಿದಾಗೊಮ್ಮೆ ಈ ಹುಡಿಗಿ ಬರದದ್ದು ಹೋಗತೈತಿ. ಇವತ್ತ ಇನ್ನ ಸ್ವಲ್ಪ ಆಗಿದ್ರ ಆಕಿ ಜೇಲಿಗೆ ಹೋಗತಿದ್ಲು.”

ಗಿರಿಜಾಬಾಯಿ ಮೊದಲ ಸಲ ದ್ರೌಪದಿಯನ್ನು ಸರಿಯಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಹೂವನ್ನು ಎತ್ತಿ ಕೈಯಲ್ಲಿ ಹಿಡಿದರು, ಬಿಳಿ ಬಟ್ಟೆ ತಾವೇ ಸರಿಸಿದರು.

“ಕೆಡವಬ್ಯಾಡ್ರಿ,” ಅಂದರು. “ಅವರು ತಮ್ಮ ಗುಟ್ಟಿನ ಮಾತ ಹೊಡದು ತೆರದದ್ದು. ಅದಽ ಮಾತ ಹೊಡದು, ಒಳಗ ಹೋಗಿ, ರೀತಿಲೆ ಮುಚ್ಚ್ರಿ. ಮನಷ್ಯಾರನ್ನ ಕಳಿಸಿದಂಗ ಕಳಿಸ್ರಿ.”

ನ್ಯಾಯವಾದ ಮಾತು. ತೊಡಕು ಒಂದೇ. ಬೇರ್ಪಟ್ಟ ಮಶಿನ್ನಿನೊಳಗೆ ಹೋಗಬೇಕಾದರೆ ಅದರ ಗುಟ್ಟಿನ ಪದ ಬೇಕು.

“ಅದು ನನಗ ಗೊತ್ತಿಲ್ರಿ,” ಅಂದ ಚನ್ನವೀರಪ್ಪ. “ಎಲ್ಲಾರ ಪದ ಮುಂಬಯಿಯವರ ಕಡೆ ಅದಾವ. ಬರದು ಕೇಳಬೇಕು. ದೊಡ್ಡ ಮಾಲಕರು ತಮ್ಮದನ್ನ ಯಾರಿಗೂ ಹೇಳಿರಲಿಲ್ಲ.”

“ನನ್ನ ಹೆಸರ ಹೊಡಿ,” ಅಂದರು ಗಿರಿಜಾಬಾಯಿ. ಎಷ್ಟು ಸಹಜವಾಗಿ ಅಂದರೆ, ಬೇರೆ ಏನಾದರೂ ಇರಬಹುದೆಂಬ ಯೋಚನೆಯೇ ಅವರಿಗೆ ಬಂದಿರಲಿಲ್ಲ.

ಚನ್ನವೀರಪ್ಪ ಆ ಟರ್ಮಿನಲ್ಲಿನ ಮುಂದೆ ಕೂತ. ಗುಟ್ಟಿನ ಪದ ಯಾರ ಕಣ್ಣಿಗೂ ಬೀಳಬಾರದೆಂದು ಯಂತ್ರ ಮೊದಲು ಕಾಗದದ ಮೇಲೆ ಅಕ್ಷರದ ಮೇಲೆ ಅಕ್ಷರ ಬಡಿದು ಒಂದು ಕರಿ ಪಟ್ಟೆ ಮಾಡಿತು. ಅದರ ಮೇಲೆ ಅವನು ಗಿರಿಜಾ ಎಂದು ಹೊಡೆದ. ಯಂತ್ರ ಒಂದು ಕ್ಷಣ ತಡೆದು, ತಪ್ಪು ಅಂದಿತು.

“ಗಿರಿಜಾಬಾಯಿ ಅಂತ ಪೂರಾ ಹೊಡಿ.”

“ಅಷ್ಟುದ್ದ ಹಿಡಸಂಗಿಲ್ರಿ ಬಾಯಾರ. ಎಂಟ ಇಂಗ್ಲಿಷ್ ಅಕ್ಷರದಾಗ ಮುಗೀಬೇಕು.”

ಮನೆದೇವರ ಹೆಸರು ಹೊಡೆದ. ತಪ್ಪು. ಕಾರಖಾನೆಯ ಹೆಸರು ಹೊಡೆದ. ತಪ್ಪು. ನಾಗಣ್ಣನವರ ತಾಯಿಯ ಹೆಸರು, ಶಾಂತಲಿಂಗಪ್ಪನವರ ಹೆಸರಿನ ಮೊದಲರ್ಧ. ಪ್ರತಿ ಸಲ ಯಂತ್ರ ಕರಿ ಪಟ್ಟೆ ಮಾಡುವುದು, ಪ್ರತಿ ಸಲ ಬಾಗಿಲು ಹಾಕುವುದು.

ಗಿರಿಜಾಬಾಯಿಯ ಮುಖ ನೋಡಲಾಗದೆ ಸೈದಪ್ಪ ಕಿಟಕಿಯ ಕಡೆ ತಿರುಗಿದ. ಗಂಡ ಸತ್ತ ದುಃಖ ಅವರು ಹೇಗೋ ತಾಳಿಕೊಂಡಿದ್ದರು. ಗಂಡನ ಗುಟ್ಟಿನಲ್ಲಿ ತನ್ನ ಹೆಸರಿಲ್ಲ ಎಂಬುದನ್ನು ನಾಲ್ಕು ಮಂದಿಯ ಮುಂದೆ ತಾಳಿಕೊಳ್ಳುವುದು ಬೇರೆ.

“ಇಷ್ಟ ವರ್ಷ ಸಂಸಾರ ಮಾಡೀನಿ,” ಅಂದರು ಅವರು, ಯಾರಿಗೂ ಅಲ್ಲ. “ಒಂದ ತಾಟನ್ಯಾಗ ಉಂಡೀನಿ. ಒಳಗ ಹೋಗೋ ಬಾಗಿಲ ಯಾವುದಂತ ನನಗ ಹೇಳಲಿಲ್ಲ.” ಕೈಯಲ್ಲಿದ್ದ ಹೂವು ಕೆಳಗೆ ಬಿತ್ತು. “ಕೆಡವು ಚನ್ನವೀರಪ್ಪ. ಆತು. ಕೆಡವಿ ಬಿಡು.”

ಚನ್ನವೀರಪ್ಪ ಎದ್ದು ತನ್ನ ಟರ್ಮಿನಲ್ಲಿನ ಕಡೆ ಹೊರಟ.

“ಒಂದ ಸ್ವಲ್ಪ ತಡೀರಿ.”

ದ್ರೌಪದಿ. ಸ್ಟೂಲಿನಿಂದ ಎದ್ದಿದ್ದಳು. ಅವಳ ಮೇಲಿನ ಕಳಂಕ ಹೋಗಿತ್ತು. ತಕರಾರಿನ ಕಾಗದ ಚೂರುಚೂರಾಗಿ ಬುಟ್ಟಿಯಲ್ಲಿತ್ತು. ಇನ್ನು ಚೀಲ ಹೆಗಲಿಗೆ ಹಾಕಿಕೊಂಡು ಐದರ ಗಾಡಿ ಹಿಡಿದರೆ ಆಗಿತ್ತು. ನಾಳೆಯಿಂದ ಗಾಡಿಯಲ್ಲಿ ಅವಳ ಪಕ್ಕದ ಸೀಟು ಖಾಲಿ ಇರುತ್ತಿರಲಿಲ್ಲ. ಹೋಗು ತಂಗಿ, ಹೋಗಿಬಿಡು ಎಂದು ಸೈದಪ್ಪನ ಮನಸ್ಸು ಯಾಕೋ ಕೂಗಿತು. ಹೀಗೇಕೆ ಅನಿಸಿತೆಂದು ಅವನಿಗೇ ತಿಳಿಯಲಿಲ್ಲ.

ಅವಳು ಹೋಗಲಿಲ್ಲ. ಗಿರಿಜಾಬಾಯಿಯ ಒದ್ದೆ ಕೆನ್ನೆಯನ್ನೇ ನೋಡುತ್ತಿದ್ದಳು. ಆಮೇಲೆ ನಡೆದು ಬಂದು ಆ ಟರ್ಮಿನಲ್ಲಿನ ಮುಂದೆ ಕೂತಳು.

ಕರಿ ಪಟ್ಟೆ ಬಂತು. ದ್ರೌಪದಿಯ ಬೆರಳು ಮೊದಲ ಕೀಲಿಯ ಮೇಲೆ ನಿಂತಿತು. ಕಣ್ಣು ಮುಚ್ಚಿದಳು, ತೆರೆದಳು. ನಿಧಾನವಾಗಿ, ಒಂದೊಂದೇ ಅಕ್ಷರ ಒತ್ತಿದಳು.

ಯಂತ್ರ ತಡೆಯಿತು. ಈ ಸಲ ತಪ್ಪು ಅನ್ನಲಿಲ್ಲ. ಟರ್ಮಿನಲ್ಲಿನ ತಲೆ ಎಡದಿಂದ ಬಲಕ್ಕೆ ಗಡಗಡ ಓಡಿ, ನಾಗಣ್ಣನವರ ಹೆಸರನ್ನು ಬಡಿದು, ಮರಳಿ ಕೂಡಿಕೊಂಡಿದೆ ಎಂದು ಬರೆದು, ಮುಂದಿನ ಅಪ್ಪಣೆಗೆ ಕಾದು ನಿಂತಿತು.

ಶಾಂತಲಿಂಗಪ್ಪನವರು ಕಾಗದ ನೋಡಿದರು. ಚನ್ನವೀರಪ್ಪ ಕಾಗದ ನೋಡಿದ. ಗಿರಿಜಾಬಾಯಿ ನೋಡುತ್ತಿದ್ದದ್ದು ಹುಡುಗಿಯ ಮುಖವನ್ನು.

“ಯಾರ ಹೇಳಿದ್ರು ನಿನಗ ಆ ಪದಾ? ಅವರಽ ಹೇಳಿದ್ರೇನು?”

“ಯಾರೂ ಹೇಳಿಲ್ರಿ.” ದ್ರೌಪದಿ ಕೀಲಿಗಳಿಂದ ಕೈ ತೆಗೆದಳು. “ಸುಮ್ಮ ಹೊಡದು ನೋಡಿದೆ. ತೆರೀಬಾರ್‍ದು ಅಂತಽ ಬೇಡಿಕೊಂಡಿದ್ದೆ.”

“ಏನ ಹೊಡದಿ?”

“ನಮ್ಮವ್ವನ ಹೆಸರು.”

ಹೊರಗೆ ಮಗ್ಗಗಳು ನಡೆದೇ ಇದ್ದವು. ಶಾಂತಲಿಂಗಪ್ಪನವರು ಏನೋ ಹೇಳಲು ಬಾಯಿ ತೆರೆದರು. ಗಿರಿಜಾಬಾಯಿ ಕೈಯೆತ್ತಿ ಅವರನ್ನು ಸುಮ್ಮನಿರಿಸಿದರು, ಮೇಜು ಹಿಡಿದುಕೊಂಡು ಒಂದು ಹೆಜ್ಜೆ ಮುಂದೆ ಬಂದರು. ಅವಳ ತಾಯಿಯ ಹೆಸರನ್ನು ಆ ಕೋಣೆಯಲ್ಲಿ ಇನ್ನೂ ಯಾರೂ ಉಚ್ಚರಿಸಿರಲಿಲ್ಲ.

“ಸಾತವ್ವ,” ಅಂದರು ಅವರು. “ಇನ್ನೂ ಬದುಕ್ಯಾಳೇನು ಆಕಿ?”